ಗೆದ್ದ ಟಿಕೆಟ್ ಬೇಡ ಅನ್ನಲು ಎಷ್ಟು ದಿನ ಇದೆ?

2018ರ ಜೂನ್ 26ರಂದು ನ್ಯೂಯಾರ್ಕ್‌ನಲ್ಲಿ ಪ್ರೈಮರಿ, ಅಂದರೆ ಪಕ್ಷದ ಟಿಕೆಟ್ ಯಾರಿಗೆ ಎಂದು ತೀರ್ಮಾನಿಸುವ ಚುನಾವಣೆ ನಡೆಯಿತು. ಅವತ್ತು ಅಲೆಕ್ಸಾಂಡ್ರಿಯಾ ಒಕಾಸಿಯೊ ಕೋರ್ಟೆಜ್ ಎರಡು ಕಡೆ ಗೆದ್ದರು. ಒಂದು ಗೆಲುವಿನ ಸುದ್ದಿ ಎಲ್ಲ ಕಡೆ ಬಂತು. ಕ್ವೀನ್ಸ್ ಮತ್ತು ಬ್ರಾಂಕ್ಸ್‌ನ ಭಾಗಗಳು ಸೇರಿದ 14ನೇ ಕ್ಷೇತ್ರದಲ್ಲಿ ಜೋ ಕ್ರೌಲಿ 1999ರಿಂದ ಸಂಸದರಾಗಿದ್ದರು. ಕೆಳಮನೆಯ ಡೆಮಾಕ್ರಟಿಕ್ ನಾಯಕರಲ್ಲಿ ಅವರದು ನಾಲ್ಕನೇ ಸ್ಥಾನ. ಅಂಥವರನ್ನು 28 ವರ್ಷದ ಈ ಹುಡುಗಿ ಅವರ ಪಕ್ಷದ ಪ್ರೈಮರಿಯಲ್ಲೇ ಸೋಲಿಸಿದರು.

ಇನ್ನೊಂದು ಗೆಲುವು ಜಾಸ್ತಿ ಜನರಿಗೆ ಗೊತ್ತಿಲ್ಲ. ಪಕ್ಕದ 15ನೇ ಕ್ಷೇತ್ರದಲ್ಲಿ ರಿಫಾರ್ಮ್ ಪಾರ್ಟಿ ಎಂಬ ಪುಟ್ಟ ಪಕ್ಷದ ಪ್ರೈಮರಿ ಇತ್ತು. ಮತದಾರರು ತಮಗೆ ಬೇಕಾದವರ ಹೆಸರನ್ನು ಕೈಯಲ್ಲಿ ಬರೆಯಬಹುದಿತ್ತು. ಹಾಗೆ 22 ಜನರ ಹೆಸರು ಬಂದವು. ಒಂಬತ್ತು ಮತಗಳಲ್ಲಿ ಒಕಾಸಿಯೊ ಕೋರ್ಟೆಜ್ ಹೆಸರಿತ್ತು. ಅದೇ ಎಲ್ಲರಿಗಿಂತ ಜಾಸ್ತಿ. ಹಾಗಾಗಿ ಅವರು ನಿಲ್ಲದೇ ಇದ್ದ ಕ್ಷೇತ್ರದಲ್ಲಿ, ಅವರದಲ್ಲದ ಪಕ್ಷದ ಟಿಕೆಟ್ ಅವರ ಪಾಲಿಗೆ ಬಂತು. ಅವರು ಅದನ್ನು ಬೇಡ ಅಂದರು.

ಅತ್ತ ಸೋತ ಕ್ರೌಲಿ ಅವರ ಕೈಯಲ್ಲೂ ಒಂದು ಟಿಕೆಟ್ ಉಳಿದಿತ್ತು. ವರ್ಕಿಂಗ್ ಫ್ಯಾಮಿಲೀಸ್ ಪಾರ್ಟಿ ಎಂಬ ಇನ್ನೊಂದು ಸಣ್ಣ ಪಕ್ಷ ಅವರನ್ನೇ ತನ್ನ ಅಭ್ಯರ್ಥಿ ಮಾಡಿಕೊಂಡಿತ್ತು. ಪ್ರೈಮರಿ ಮುಗಿದ ಮೇಲೆ ಆ ಪಕ್ಷವೇ ದಯವಿಟ್ಟು ನಮ್ಮ ಟಿಕೆಟ್ ಬಿಟ್ಟುಕೊಡಿ ಎಂದು ಕೇಳಿತು. ಅವರು ಬಿಡಲಿಲ್ಲ.

ಒಬ್ಬರು ಬೇಡ ಅಂದರು, ಇನ್ನೊಬ್ಬರು ಅನ್ನಲಿಲ್ಲ. ಒಮ್ಮೆ ಬಂದ ಟಿಕೆಟ್ಟನ್ನು ಯಾವಾಗ ಬೇಕಾದರೂ ವಾಪಸ್ ಕೊಡಬಹುದಾ? ಕೊನೆಯ ದಿನ ಯಾವುದು? ಅದು ದಾಟಿದರೆ ಏನಾಗುತ್ತದೆ? ಸಣ್ಣ ತಾಂತ್ರಿಕ ವಿಷಯದಂತೆ ಕಾಣುತ್ತದೆ. ಆದರೆ ಇದೊಂದು ದಿನಾಂಕದಿಂದ ಅಮೆರಿಕದಲ್ಲಿ ಸೆನೆಟ್ ಸೀಟುಗಳು ಕೈ ಬದಲಾಗಿವೆ.

ಮೊದಲು ಪ್ರೈಮರಿ ಅಂದರೆ ಏನು ಎಂದು ನೋಡೋಣ. ನಮ್ಮಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್. ಬಿ ಫಾರಂ ಯಾರ ಕೈಗೆ ಬಂತೋ ಅವರೇ ಪಕ್ಷದ ಅಭ್ಯರ್ಥಿ. ಅಮೆರಿಕದಲ್ಲಿ ಟಿಕೆಟ್ ಯಾರಿಗೆ ಎಂದು ತೀರ್ಮಾನಿಸುವವರು ಮತದಾರರು. ಸಾರ್ವತ್ರಿಕ ಚುನಾವಣೆ ನವೆಂಬರ್‌ನಲ್ಲಿ. ಅದಕ್ಕೆ ಕೆಲವು ತಿಂಗಳ ಮೊದಲು ಪಕ್ಷದ ಒಳಗೇ ಒಂದು ಚುನಾವಣೆ. ಅದನ್ನು ನಡೆಸುವುದೂ ಸರ್ಕಾರವೇ. ಗೆದ್ದವರ ಹೆಸರು ಪಕ್ಷದ ಹೆಸರಿನ ಜೊತೆ ನವೆಂಬರ್‌ನ ಮತಪತ್ರಕ್ಕೆ ಹೋಗುತ್ತದೆ.

ಪ್ರೈಮರಿಗೂ ನವೆಂಬರ್‌ಗೂ ನಡುವೆ ತುಂಬ ದಿನ ಇರುತ್ತದೆ. ಟೆಕ್ಸಾಸ್‌ನಲ್ಲಿ ಮಾರ್ಚ್‌ಗೇ ಪ್ರೈಮರಿ ಮುಗಿಯುತ್ತದೆ, ಅಂದರೆ ಎಂಟು ತಿಂಗಳು. ಅಷ್ಟರಲ್ಲಿ ಏನು ಬೇಕಾದರೂ ಆಗಬಹುದು. ಆರೋಗ್ಯ ಕೆಡಬಹುದು. ಹಗರಣ ಹೊರಬರಬಹುದು. ಸಮೀಕ್ಷೆ ನೋಡಿ ಪಕ್ಷವೇ ಕೈ ಚೆಲ್ಲಬಹುದು. ಎರಡು ಪಕ್ಷಗಳ ಟಿಕೆಟ್ ಇದ್ದವರು ಒಂದರಲ್ಲಿ ಸೋತು ಇನ್ನೊಂದರಲ್ಲಿ ಉಳಿದಿರಬಹುದು. ಇವರೆಲ್ಲರಿಗೂ ಕಾನೂನು ಒಂದು ಬಾಗಿಲು ಇಟ್ಟಿದೆ. ಆ ಬಾಗಿಲು ಮುಚ್ಚುವ ಹೊತ್ತು ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಯಾಕೆ ಮುಚ್ಚಬೇಕು?

ಮುಖ್ಯ ಕಾರಣ ಮತಪತ್ರ. ಅದು ಕಾಗದ, ಅದನ್ನು ಅಚ್ಚು ಹಾಕಬೇಕು. 2009ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು. ಹೊರದೇಶದಲ್ಲಿರುವ ನಾಗರಿಕರಿಗೆ ಮತ್ತು ಸೈನಿಕರಿಗೆ ಚುನಾವಣೆಗೆ 45 ದಿನ ಮೊದಲೇ ಮತಪತ್ರ ಕಳಿಸಿರಬೇಕು. ಅದಕ್ಕಿಂತ ಮುಂಚೆ, ಎಲ್ಲೋ ಮರುಭೂಮಿಯ ಸೇನಾ ಶಿಬಿರದಲ್ಲಿರುವ ಹುಡುಗನಿಗೆ ಮತಪತ್ರ ತಡವಾಗಿ ಸಿಕ್ಕರೆ, ಅವನು ತುಂಬಿ ಕಳಿಸುವಷ್ಟರಲ್ಲಿ ಎಣಿಕೆ ಮುಗಿದಿರುತ್ತಿತ್ತು.

2018ರ ಲೆಕ್ಕವನ್ನೇ ಹಿಡಿಯೋಣ. ಚುನಾವಣೆ ನವೆಂಬರ್ 6. ಅಲ್ಲಿಂದ 45 ದಿನ ಹಿಂದೆ ಎಣಿಸಿದರೆ ಸೆಪ್ಟೆಂಬರ್ 22. ಅಷ್ಟರೊಳಗೆ ಮತಪತ್ರ ಅಂಚೆಗೆ ಬೀಳಬೇಕು. ಅದಕ್ಕೂ ಮೊದಲು ಅಭ್ಯರ್ಥಿಗಳ ಪಟ್ಟಿ ಅಧಿಕೃತವಾಗಬೇಕು, ಕರಡು ತಿದ್ದಬೇಕು, ಅಚ್ಚಾಗಬೇಕು. ಒಂದೇ ಊರಲ್ಲಿ ಹತ್ತಾರು ನಮೂನೆಯ ಮತಪತ್ರ ಬೇಕಾಗುತ್ತದೆ. ಯಾಕೆಂದರೆ ಸಂಸತ್ತು, ರಾಜ್ಯದ ಶಾಸನಸಭೆ, ನ್ಯಾಯಾಧೀಶರು ಎಲ್ಲರಿಗೂ ಒಂದೇ ಹಾಳೆಯಲ್ಲಿ ಮತ, ಆದರೆ ಕ್ಷೇತ್ರದ ಗಡಿಗಳು ಬೇರೆ ಬೇರೆ. ಕ್ವೀನ್ಸ್‌ನಲ್ಲಂತೂ ಇಂಗ್ಲಿಷ್ ಜೊತೆಗೆ ಸ್ಪ್ಯಾನಿಷ್, ಚೈನೀಸ್, ಕೊರಿಯನ್, ಬಂಗಾಳಿಯಲ್ಲೂ ಮತಪತ್ರ ಬರುತ್ತದೆ. ಒಂದು ಹೆಸರು ಬದಲಾದರೆ ಇಷ್ಟೂ ಬದಲಾಗಬೇಕು.

ತಡವಾದರೆ ಏನಾಗುತ್ತದೆ ಎಂದು 2024ರಲ್ಲಿ ನಾರ್ತ್ ಕ್ಯಾರೊಲೈನಾದಲ್ಲಿ ಕಂಡಿತು. ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ರಾಬರ್ಟ್ ಕೆನಡಿ ಜೂನಿಯರ್ ಆಗಸ್ಟ್ 23ಕ್ಕೆ ಪ್ರಚಾರ ನಿಲ್ಲಿಸಿದರು. ಆ ರಾಜ್ಯದ ಅಂಚೆ ಮತಪತ್ರಗಳು ಸೆಪ್ಟೆಂಬರ್ 6ಕ್ಕೆ ಹೊರಡಬೇಕಿತ್ತು. ಕೆನಡಿ ತಮ್ಮ ಹೆಸರು ತೆಗೆಯಬೇಕೆಂದು ಕೇಳಿದ್ದರಿಂದ, ಅದೇ ದಿನ ಕೋರ್ಟು ತಡೆ ಕೊಟ್ಟಿತು. ಮೂರು ದಿನದ ಮೇಲೆ ರಾಜ್ಯದ ಸುಪ್ರೀಂ ಕೋರ್ಟ್ 4-3ರ ಅಂತರದಲ್ಲಿ ಹೆಸರು ತೆಗೆಯಿರಿ ಎಂದಿತು. ಅಷ್ಟರಲ್ಲಿ ಸುಮಾರು 29 ಲಕ್ಷ ಮತಪತ್ರ ಅಚ್ಚಾಗಿದ್ದವು. ಎಲ್ಲವನ್ನೂ ಹೊಸದಾಗಿ ಅಚ್ಚು ಹಾಕಿಸಿ, ಎರಡು ವಾರ ತಡವಾಗಿ ಕಳಿಸಿದರು. ಅದೇ ಕೆನಡಿ ವಿಸ್ಕಾನ್ಸಿನ್‌ನಲ್ಲೂ ಹೆಸರು ತೆಗೆಯಲು ಕೇಳಿದ್ದರು, ಬೇಕಾದರೆ ಹೆಸರಿನ ಮೇಲೆ ಸ್ಟಿಕ್ಕರ್ ಅಂಟಿಸಿ ಎಂದೂ ಕೇಳಿದ್ದರು. ಅಲ್ಲಿನ ಕೋರ್ಟು ಒಪ್ಪಲಿಲ್ಲ. ವಿಸ್ಕಾನ್ಸಿನ್ ಕಾನೂನಿನಲ್ಲಿ ನಾಮಪತ್ರ ಕ್ರಮಬದ್ಧವಾದ ಮೇಲೆ ಹೆಸರು ಹೋಗುವುದು ಅಭ್ಯರ್ಥಿ ಸತ್ತರೆ ಮಾತ್ರ.

ನ್ಯೂಯಾರ್ಕ್‌ನ ಹತ್ತು ದಿನ

ಈಗ ಕ್ರೌಲಿ ಅವರ ವಿಷಯಕ್ಕೆ ಬರೋಣ. ಅದಕ್ಕೆ ನ್ಯೂಯಾರ್ಕ್‌ನ ಒಂದು ವಿಶೇಷ ಪದ್ಧತಿ ಗೊತ್ತಿರಬೇಕು. ಅದನ್ನು ಫ್ಯೂಷನ್ ಎನ್ನುತ್ತಾರೆ. ಒಬ್ಬರೇ ಅಭ್ಯರ್ಥಿ ಎರಡು ಮೂರು ಪಕ್ಷಗಳ ಟಿಕೆಟ್ ಇಟ್ಟುಕೊಳ್ಳಬಹುದು. ಮತಪತ್ರದಲ್ಲಿ ಅವರ ಹೆಸರು ಎರಡು ಮೂರು ಸಾಲುಗಳಲ್ಲಿ ಬರುತ್ತದೆ. ಡೆಮಾಕ್ರಟಿಕ್ ಸಾಲಿನಲ್ಲೂ ಇರುತ್ತದೆ, ವರ್ಕಿಂಗ್ ಫ್ಯಾಮಿಲೀಸ್ ಸಾಲಿನಲ್ಲೂ ಇರುತ್ತದೆ. ಯಾವ ಸಾಲಿನಲ್ಲಿ ಮತ ಹಾಕಿದರೂ ಕೊನೆಗೆ ಕೂಡಿಸುತ್ತಾರೆ. ರಿಪಬ್ಲಿಕನ್ನರ ಜೊತೆ ಹೀಗೇ ಕನ್ಸರ್ವೇಟಿವ್ ಪಾರ್ಟಿ ಇರುತ್ತದೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಇದಕ್ಕೆ ಅವಕಾಶ ಇಲ್ಲ.

ಒಂದು ಪಕ್ಷದ ಸದಸ್ಯರಲ್ಲದವರು ಅದರ ಟಿಕೆಟ್ ಪಡೆಯಲು ಆ ಪಕ್ಷದ ಒಪ್ಪಿಗೆ ಬೇಕು. ಇದು 1947ರ ವಿಲ್ಸನ್ ಪಕುಲಾ ಕಾನೂನು. ಒಪ್ಪಿಗೆ ಕೊಟ್ಟರಷ್ಟೇ ಸಾಲದು, ಅಭ್ಯರ್ಥಿಯೂ ಬರವಣಿಗೆಯಲ್ಲಿ ಒಪ್ಪಿಕೊಳ್ಳಬೇಕು. ಅಂದರೆ ಇದು ಎರಡೂ ಕಡೆಯವರು ತಿಳಿದೇ ಮಾಡಿಕೊಂಡ ಸಂಬಂಧ.

ಈ ಪದ್ಧತಿಯಲ್ಲಿ ತೊಡಕು ಬರುವುದು ಪ್ರೈಮರಿ ಸೋತಾಗ. ದೊಡ್ಡ ಪಕ್ಷದ ಪ್ರೈಮರಿಯಲ್ಲಿ ಸೋತವರ ಹೆಸರು ಸಣ್ಣ ಪಕ್ಷದ ಸಾಲಿನಲ್ಲಿ ಹಾಗೇ ಉಳಿಯುತ್ತದೆ. ಅದಕ್ಕಾಗಿಯೇ ನ್ಯೂಯಾರ್ಕ್ ಕಾನೂನಿನಲ್ಲಿ ಒಂದು ಕಿಟಕಿ ಇದೆ. ಎರಡು ಅಥವಾ ಹೆಚ್ಚು ಪಕ್ಷಗಳ ಟಿಕೆಟ್‌ಗೆ ನಿಂತು ಒಂದರಲ್ಲಿ ಸೋತವರು, ಪ್ರೈಮರಿಯಾದ ಹತ್ತು ದಿನದ ಒಳಗೆ ಇನ್ನೊಂದು ಪಕ್ಷದ ಟಿಕೆಟ್ ಬೇಡ ಎಂದು ಬರೆದುಕೊಡಬಹುದು. ಹಾಗೆ ಬರೆದುಕೊಟ್ಟರೆ ಆ ಜಾಗ ಖಾಲಿಯಾಗುತ್ತದೆ. ಖಾಲಿ ಜಾಗ ತುಂಬಲು ಪಕ್ಷದ ಒಂದು ಸಮಿತಿ ಇರುತ್ತದೆ. ಅದು ಕೆಲವೇ ದಿನಗಳಲ್ಲಿ ಬೇರೆ ಹೆಸರು ಕೊಡಬೇಕು.

ಈ ಹತ್ತು ದಿನ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಸೋತ ರಾತ್ರಿಯೇ ತೀರ್ಮಾನ ಮಾಡು ಅಂದರೆ ಅದು ಕ್ರೂರ. ಇಪ್ಪತ್ತು ವರ್ಷ ಕೂತ ಕುರ್ಚಿ ಹೋದ ಮನುಷ್ಯನಿಗೆ ಯೋಚಿಸಲು ಒಂದು ವಾರವಾದರೂ ಬೇಕು. ಮನೆಯವರ ಜೊತೆ, ಕಾರ್ಯಕರ್ತರ ಜೊತೆ ಮಾತಾಡಬೇಕು. ಹಾಗಂತ ಸೆಪ್ಟೆಂಬರ್ ತನಕ ಎಳೆಯಲು ಬಿಟ್ಟರೆ ಮತದಾರರಿಗೆ ಮೋಸ.

ಕ್ರೌಲಿ ಅವರ ಜಗಳ ಬಯಲಿಗೆ ಬಂದದ್ದು ಜುಲೈ ಎರಡನೇ ವಾರದಲ್ಲಿ. ಆಗ ಹತ್ತು ದಿನ ಕಳೆದಿತ್ತು. ಒಕಾಸಿಯೊ ಕೋರ್ಟೆಜ್ ಬಹಿರಂಗವಾಗಿ ಬೇಸರ ಹೇಳಿಕೊಂಡರು. ಕ್ರೌಲಿ ತಾನು ಅವರಿಗೇ ಬೆಂಬಲ ಕೊಟ್ಟಿದ್ದೇನೆ, ಕಣದಲ್ಲಿಲ್ಲ ಎಂದರು. ಆದರೆ ಹೆಸರು ತೆಗೆಯಲು ಈಗ ಉಳಿದಿರುವ ದಾರಿಗಳು ಇವು ಎಂದೂ ಹೇಳಿದರು. ಸಾಯಬೇಕು, ರಾಜ್ಯ ಬಿಟ್ಟು ಹೋಗಬೇಕು, ಅಪರಾಧಿ ಎಂದು ಸಾಬೀತಾಗಬೇಕು, ಇಲ್ಲವೇ ಬೇರೆ ಯಾವುದೋ ಹುದ್ದೆಗೆ ಸುಮ್ನೆ ನಿಲ್ಲಬೇಕು. ಕೊನೆಯದ್ದು ತನ್ನ ಮಟ್ಟಿಗೆ ಚುನಾವಣಾ ವಂಚನೆ, ಅದನ್ನು ಮಾಡುವುದಿಲ್ಲ ಎಂದರು.

ನವೆಂಬರ್‌ನಲ್ಲಿ ಪ್ರಚಾರವೇ ಮಾಡದೆ ಕ್ರೌಲಿ ಅವರಿಗೆ 9 ಸಾವಿರಕ್ಕೂ ಜಾಸ್ತಿ ಮತ ಬಿದ್ದವು. ಒಕಾಸಿಯೊ ಕೋರ್ಟೆಜ್ ಅವರಿಗೆ 1 ಲಕ್ಷ 10 ಸಾವಿರ. ಫಲಿತಾಂಶಕ್ಕೆ ಏನೂ ಆಗಲಿಲ್ಲ.

ಆದರೆ ಪ್ರತಿ ಸಲ ಹೀಗೆ ಸುಖವಾಗಿ ಮುಗಿಯುವುದಿಲ್ಲ. 1980ರಲ್ಲಿ ಸೆನೆಟರ್ ಜೇಕಬ್ ಜಾವಿಟ್ಸ್ ರಿಪಬ್ಲಿಕನ್ ಪ್ರೈಮರಿಯಲ್ಲಿ ಅಲ್ಫೋನ್ಸ್ ಡಮಾಟೊ ಎದುರು ಸೋತರು. ಜಾವಿಟ್ಸ್ 24 ವರ್ಷ ಸೆನೆಟ್ ಕಂಡ ಉದಾರವಾದಿ. ಅವರ ಬಳಿ ಲಿಬರಲ್ ಪಾರ್ಟಿಯ ಟಿಕೆಟ್ ಇತ್ತು, ಬಿಡಲಿಲ್ಲ. ನವೆಂಬರ್‌ನಲ್ಲಿ ಶೇಕಡಾ 11ರಷ್ಟು ಮತ ಪಡೆದರು. ಡಮಾಟೊ ಡೆಮಾಕ್ರಟಿಕ್ ಅಭ್ಯರ್ಥಿ ಎಲಿಜಬೆತ್ ಹೋಲ್ಟ್ಜ್‌ಮನ್ ಅವರನ್ನು ಶೇಕಡಾ ಒಂದು ಚಿಲ್ಲರೆ ಅಂತರದಲ್ಲಿ ಸೋಲಿಸಿದರು. ಜಾವಿಟ್ಸ್ ಹಿಂದೆ ಸರಿದಿದ್ದರೆ ಆ ಉದಾರವಾದಿ ಮತಗಳಲ್ಲಿ ಎಷ್ಟು ಹೋಲ್ಟ್ಜ್‌ಮನ್ ಕಡೆ ಹೋಗುತ್ತಿದ್ದವು ಎಂದು ಜನ ಇವತ್ತಿಗೂ ಚರ್ಚಿಸುತ್ತಾರೆ.

ಉಳಿದು ಗೆದ್ದವರೂ ಇದ್ದಾರೆ. 1969ರಲ್ಲಿ ನ್ಯೂಯಾರ್ಕ್ ಮೇಯರ್ ಜಾನ್ ಲಿಂಡ್ಸೆ ತಮ್ಮ ರಿಪಬ್ಲಿಕನ್ ಪಕ್ಷದ ಪ್ರೈಮರಿ ಸೋತು, ಲಿಬರಲ್ ಪಾರ್ಟಿಯ ಸಾಲಿನಲ್ಲಿ ನಿಂತು ಮತ್ತೆ ಮೇಯರ್ ಆದರು. ಹಾಗಾಗಿ ಸೋತವರೆಲ್ಲ ಟಿಕೆಟ್ ಬಿಡಲೇಬೇಕು ಎಂದು ನಾನು ಹೇಳುವುದಿಲ್ಲ. ಹೋರಾಡುವ ಮನಸ್ಸಿದ್ದರೆ ಇರಲಿ. ನನ್ನ ತಕರಾರು ಹೆಸರು ಬಿಟ್ಟು ಮನುಷ್ಯ ಹೊರಟುಹೋಗುವುದರ ಬಗ್ಗೆ.

ಹಿಂಬಾಗಿಲು

ಕ್ರೌಲಿ ವಂಚನೆ ಎಂದ ದಾರಿ ಯಾವುದು ಗೊತ್ತಾ? ನ್ಯೂಯಾರ್ಕ್ ಕಾನೂನಿನ ಪ್ರಕಾರ ಒಂದು ಹುದ್ದೆಗೆ ಅಭ್ಯರ್ಥಿಯಾದವರಿಗೆ ಆಮೇಲೆ ಬೇರೆ ಹುದ್ದೆಯ ಟಿಕೆಟ್ ಸಿಕ್ಕರೆ, ಮೊದಲನೆಯದನ್ನು ಬಿಡಬಹುದು. ಒಳ್ಳೆಯ ಉದ್ದೇಶದ ನಿಯಮ. ಆದರೆ ಪಕ್ಷಗಳು ಇದನ್ನೇ ಹೊರಹೋಗುವ ದಾರಿ ಮಾಡಿಕೊಂಡವು.

2010ರಲ್ಲಿ ರಿಕ್ ಲಾಝಿಯೊ ಗವರ್ನರ್ ಸ್ಥಾನದ ರಿಪಬ್ಲಿಕನ್ ಪ್ರೈಮರಿಯಲ್ಲಿ ಕಾರ್ಲ್ ಪಲಾಡಿನೊ ಎದುರು ಸೋತರು. ಅವರ ಬಳಿ ಕನ್ಸರ್ವೇಟಿವ್ ಪಾರ್ಟಿಯ ಟಿಕೆಟ್ ಉಳಿದಿತ್ತು. ಬಲಪಂಥದ ಮತ ಒಡೆಯಬಾರದಲ್ಲ. ಲಾಝಿಯೊ ವಕೀಲರು. ಹಾಗಾಗಿ ಅವರನ್ನು ಬ್ರಾಂಕ್ಸ್‌ನಲ್ಲಿ ನ್ಯಾಯಾಧೀಶರ ಹುದ್ದೆಗೆ ನಿಲ್ಲಿಸಿದರು. ಗೆಲ್ಲುವ ಆಸೆ ಯಾರಿಗೂ ಇರಲಿಲ್ಲ. ಅಷ್ಟಾದ ಮೇಲೆ ಗವರ್ನರ್ ಟಿಕೆಟ್ ಪಲಾಡಿನೊ ಕೈಗೆ ಹೋಯಿತು.

2018ರಲ್ಲಿ ಸಿಂಥಿಯಾ ನಿಕ್ಸನ್ ವಿಷಯದಲ್ಲೂ ಇದೇ ಕಥೆ. ಅವರು ಗವರ್ನರ್ ಆಂಡ್ರ್ಯೂ ಕ್ಯುಮೊ ಎದುರು ಡೆಮಾಕ್ರಟಿಕ್ ಪ್ರೈಮರಿ ಸೋತರು. ವರ್ಕಿಂಗ್ ಫ್ಯಾಮಿಲೀಸ್ ಟಿಕೆಟ್ ಅವರ ಬಳಿ ಇತ್ತು. ನಿಕ್ಸನ್ ನಟಿ, ವಕೀಲರಲ್ಲ. ನ್ಯಾಯಾಧೀಶರ ಹುದ್ದೆಗೆ ನಿಲ್ಲಿಸಲು ಆಗುವುದಿಲ್ಲ. ಹಾಗಾಗಿ ಮ್ಯಾನ್‌ಹಟನ್‌ನ ರಾಜ್ಯ ಅಸೆಂಬ್ಲಿಯ ಒಂದು ಕ್ಷೇತ್ರಕ್ಕೆ ಅವರ ಹೆಸರು ಹಾಕಿದರು. ಅವರು ಅಲ್ಲಿ ಪ್ರಚಾರವನ್ನೇ ಮಾಡಲಿಲ್ಲ. ಗವರ್ನರ್ ಸಾಲು ಕ್ಯುಮೊ ಹೆಸರಿಗೆ ಹೋಯಿತು.

ಪಕ್ಷ ಇಷ್ಟೆಲ್ಲ ಕಷ್ಟಪಡಲು ಕಾರಣ ಇದೆ. ಆಗಿನ ನಿಯಮದಂತೆ ಗವರ್ನರ್ ಚುನಾವಣೆಯಲ್ಲಿ ಒಂದು ಪಕ್ಷದ ಸಾಲಿಗೆ ಕನಿಷ್ಠ 50,000 ಮತ ಬೀಳಬೇಕಿತ್ತು. ಇಲ್ಲದಿದ್ದರೆ ಮುಂದಿನ ನಾಲ್ಕು ವರ್ಷ ಮತಪತ್ರದಲ್ಲಿ ಅದಕ್ಕೆ ಖಾಯಂ ಜಾಗ ಇಲ್ಲ. ಸೋತು ಮನೆಗೆ ಹೋದವರ ಹೆಸರಿಟ್ಟುಕೊಂಡು ಅಷ್ಟು ಮತ ತರುವುದು ಕಷ್ಟ. ಕೆಲವೊಮ್ಮೆ ಸಣ್ಣ ಪಕ್ಷಗಳು ದೊಡ್ಡ ಪಕ್ಷದ ಪ್ರೈಮರಿ ಮುಗಿಯುವ ತನಕ ಯಾರೋ ಒಬ್ಬರ ಹೆಸರು ಹಾಕಿ ಜಾಗ ಕಾಯುತ್ತವೆ. ಬಸ್ಸಿನ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿದಂತೆ. ಗೆದ್ದವರು ಯಾರು ಎಂದು ಗೊತ್ತಾದ ಮೇಲೆ ಟವಲ್ ತೆಗೆದು ಅವರನ್ನು ಕೂರಿಸುತ್ತಾರೆ.

ಈ ನ್ಯಾಯಾಧೀಶರ ದಾರಿ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಬ್ರಾಂಕ್ಸ್‌ನ ಮತದಾರರು ಏನು ತಪ್ಪು ಮಾಡಿದ್ದರು? ಅವರ ಮತಪತ್ರದಲ್ಲಿ, ನ್ಯಾಯಾಧೀಶರಾಗುವ ಮನಸ್ಸೇ ಇಲ್ಲದವರ ಹೆಸರು ಬಂತು. ಹತ್ತು ದಿನ ಸಾಲದು ಎಂದಾದರೆ ಹದಿನೈದು ಮಾಡಲಿ. ಕೊನೆಯ ದಿನ ದಾಟಿದವರಿಗಾಗಿ ಇನ್ನೊಂದು ಊರಿನ ಮತಪತ್ರವನ್ನು ಬಳಸಿಕೊಳ್ಳುವುದು ಸರಿಯಲ್ಲ.

ಟೆಕ್ಸಾಸ್‌ನಲ್ಲಿ ಸಿಕ್ಕಿಬಿದ್ದ ಹೆಸರು

ಪ್ರೈಮರಿ ಗೆದ್ದ ಮೇಲೆ ಬೇಡ ಎನ್ನುವುದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಬಿಟ್ಟುಹೋಗುವುದು ಒಂದು, ಆ ಜಾಗಕ್ಕೆ ಇನ್ನೊಬ್ಬರನ್ನು ತರುವುದು ಇನ್ನೊಂದು. ಎಷ್ಟೋ ಕಡೆ ಬಿಡಲು ಅವಕಾಶ ಇರುತ್ತದೆ, ಬದಲಿ ಹಾಕಲು ಇರುವುದಿಲ್ಲ. ಇದನ್ನು ಟಾಮ್ ಡಿಲೇ ಪ್ರಕರಣದಷ್ಟು ಚೆನ್ನಾಗಿ ತೋರಿಸುವುದು ಬೇರೆ ಯಾವುದೂ ಇಲ್ಲ.

ಡಿಲೇ ಕೆಳಮನೆಯಲ್ಲಿ ರಿಪಬ್ಲಿಕನ್ ಬಹುಮತದ ನಾಯಕರಾಗಿದ್ದವರು. 2005ರಲ್ಲಿ ಅವರ ಮೇಲೆ ಟೆಕ್ಸಾಸ್‌ನಲ್ಲಿ ಕ್ರಿಮಿನಲ್ ಆರೋಪ ಬಂತು. ಆದರೂ 2006ರ ಮಾರ್ಚ್ 7ರ ಪ್ರೈಮರಿಯಲ್ಲಿ ಗೆದ್ದರು. ಏಪ್ರಿಲ್‌ನಲ್ಲಿ ನಾನು ನಿಲ್ಲುವುದಿಲ್ಲ ಎಂದರು. ಜೂನ್‌ನಲ್ಲಿ ಸಂಸತ್ತಿಗೆ ರಾಜೀನಾಮೆ ಕೊಟ್ಟರು.

ಪಕ್ಷಕ್ಕೆ ಬೇರೆಯವರನ್ನು ನಿಲ್ಲಿಸಬೇಕಿತ್ತು. ಟೆಕ್ಸಾಸ್ ಕಾನೂನು ಹೇಳುವುದು ಇಷ್ಟು. ಅಭ್ಯರ್ಥಿ ತಾನಾಗಿ ಹಿಂದೆ ಸರಿದರೆ, ಕೆಲವೇ ಸಂದರ್ಭ ಬಿಟ್ಟು, ಬದಲಿ ಇಲ್ಲ. ಅಭ್ಯರ್ಥಿ ಅನರ್ಹನಾದರೆ ಬದಲಿ ಹಾಕಬಹುದು. ಡಿಲೇ ತಾನು ವರ್ಜೀನಿಯಾಕ್ಕೆ ಮನೆ ಬದಲಿಸಿದ್ದೇನೆ ಎಂದರು. ಟೆಕ್ಸಾಸ್‌ನವರಲ್ಲ, ಆದ್ದರಿಂದ ಅನರ್ಹ ಎಂದು ಪಕ್ಷ ಘೋಷಿಸಿತು. ಡೆಮಾಕ್ರಟರು ಕೋರ್ಟಿಗೆ ಹೋದರು.

ಸಂವಿಧಾನ ಹೇಳುವುದು ಆಯ್ಕೆಯಾಗುವ ಹೊತ್ತಿಗೆ ಆ ರಾಜ್ಯದಲ್ಲಿ ವಾಸ ಇರಬೇಕು ಎಂದು. ಜೂನ್‌ನಲ್ಲಿ ವರ್ಜೀನಿಯಾದಲ್ಲಿದ್ದವರು ನವೆಂಬರ್‌ನಲ್ಲಿ ಎಲ್ಲಿರುತ್ತಾರೆ ಎಂದು ಈಗಲೇ ಹೇಳಲು ಆಗುತ್ತದಾ? ಆಗುವುದಿಲ್ಲ ಎಂದಿತು ಫೆಡರಲ್ ಕೋರ್ಟ್. ಮೇಲ್ಮನವಿಯಲ್ಲೂ ಅದೇ ತೀರ್ಪು ಬಂತು. ಆಗಸ್ಟ್‌ನಲ್ಲಿ ಡಿಲೇ ಬೇರೆ ದಾರಿಯಿಲ್ಲದೆ ಅಧಿಕೃತವಾಗಿ ಹಿಂದೆ ಸರಿದರು. ರಿಪಬ್ಲಿಕನ್ ಸಾಲು ಖಾಲಿ ಉಳಿಯಿತು.

ಪಕ್ಷ ಶೆಲ್ಲಿ ಸೆಕುಲಾ ಗಿಬ್ಸ್ ಎಂಬುವವರ ಹೆಸರನ್ನು ಮತದಾರರೇ ಬರೆಯಿರಿ ಎಂದು ಕೇಳಿಕೊಂಡಿತು. ಎಲೆಕ್ಟ್ರಾನಿಕ್ ಯಂತ್ರದಲ್ಲಿ ಚಕ್ರ ತಿರುಗಿಸಿ ಒಂದೊಂದೇ ಅಕ್ಷರ ಆರಿಸಿ ಅಷ್ಟುದ್ದದ ಹೆಸರು ಬರೆಯಬೇಕು. ಡಿಲೇ ಬಿಟ್ಟುಹೋದ ಅವಧಿಯ ಉಳಿದ ಕೆಲವು ವಾರಗಳಿಗೆ ಅದೇ ದಿನ ಉಪಚುನಾವಣೆಯೂ ಇತ್ತು. ಅದರಲ್ಲಿ ಆಕೆಯ ಹೆಸರು ಅಚ್ಚಾಗಿತ್ತು, ಆಕೆ ಗೆದ್ದರು. ಕೈಯಲ್ಲಿ ಬರೆಯಬೇಕಿದ್ದ ಪೂರ್ಣ ಅವಧಿಯ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ನಿಕ್ ಲ್ಯಾಂಪ್ಸನ್ ಗೆದ್ದರು. ಅದು ರಿಪಬ್ಲಿಕನ್ನರ ಭದ್ರಕೋಟೆ. ಪ್ರೈಮರಿಗೆ ಮೊದಲೇ ಡಿಲೇ ಹೊರಗುಳಿದಿದ್ದರೆ ಈ ಪಾಡು ಬರುತ್ತಿರಲಿಲ್ಲ.

ಮಿಸೌರಿಯಲ್ಲಿ ಇನ್ನೊಂದು ಬಗೆ. ಅಲ್ಲಿ ಚುನಾವಣೆಗೆ 11 ವಾರ ಮೊದಲು, ಸಂಜೆ 5 ಗಂಟೆಗೆ ಮೊದಲ ಗಡುವು. ಅಲ್ಲಿಯವರೆಗೆ ಸುಮ್ನೆ ಬರೆದುಕೊಟ್ಟು ಹೋಗಬಹುದು. ಆಮೇಲೆ ಕೋರ್ಟಿನ ಆದೇಶ ಬೇಕು, 2012ರಲ್ಲಿ ಅದಕ್ಕೆ ಆರು ವಾರ ಮೊದಲಿನ ತನಕ ಸಮಯ ಇತ್ತು. 2012ರ ಆಗಸ್ಟ್ 19ರ ಭಾನುವಾರ ರಿಪಬ್ಲಿಕನ್ ಸೆನೆಟ್ ಅಭ್ಯರ್ಥಿ ಟಾಡ್ ಏಕಿನ್ ಅತ್ಯಾಚಾರದ ಬಗ್ಗೆ ಆಡಿದ ಮಾತು ಟಿವಿಯಲ್ಲಿ ಬಂತು. ಇಡೀ ದೇಶ ಸಿಟ್ಟಿಗೆದ್ದಿತು. ಮಂಗಳವಾರ ಸಂಜೆ 5ಕ್ಕೆ ಗಡುವು. ಎರಡು ದಿನ ಮಾತ್ರ. ಅಧ್ಯಕ್ಷ ಅಭ್ಯರ್ಥಿ ಮಿಟ್ ರಾಮ್ನಿ ಅವರೇ ಹಿಂದೆ ಸರಿಯಿರಿ ಎಂದರು. ಏಕಿನ್ ಉಳಿದರು. ನವೆಂಬರ್‌ನಲ್ಲಿ ಕ್ಲೇರ್ ಮೆಕಾಸ್ಕಿಲ್ ಎದುರು 15ಕ್ಕೂ ಹೆಚ್ಚು ಶೇಕಡಾ ಅಂಕಗಳಿಂದ ಸೋತರು. ಗಡುವು ಬಾಗಿಲು ತೆರೆದಿಡುತ್ತದೆ, ಯಾರನ್ನೂ ಹೊರಗೆ ತಳ್ಳುವುದಿಲ್ಲ.

ಇನ್ನು ಗಡುವು ದಾಟಿದ ಮೇಲೂ ಕೋರ್ಟು ಬಿಟ್ಟುಕೊಟ್ಟದ್ದು ನ್ಯೂಜೆರ್ಸಿಯಲ್ಲಿ. 2002ರಲ್ಲಿ ಡೆಮಾಕ್ರಟಿಕ್ ಸೆನೆಟರ್ ರಾಬರ್ಟ್ ಟಾರಿಸೆಲ್ಲಿ ಮೇಲೆ ಉಡುಗೊರೆ ಪಡೆದ ಆರೋಪ ಇತ್ತು. ಸೆನೆಟ್ ನೀತಿ ಸಮಿತಿ ಛೀಮಾರಿ ಹಾಕಿತ್ತು. ಸೋಲು ಕಾಣುತ್ತಿದ್ದಂತೆ ಸೆಪ್ಟೆಂಬರ್ 30ಕ್ಕೆ ಅವರು ಹಿಂದೆ ಸರಿದರು. ಚುನಾವಣೆಗೆ 36 ದಿನ ಉಳಿದಿತ್ತು. ಬದಲಿ ಹಾಕಲು ಕಾನೂನು ಕೊಟ್ಟಿದ್ದ ಮಿತಿ 51 ದಿನ. ಆದರೂ ರಾಜ್ಯದ ಸುಪ್ರೀಂ ಕೋರ್ಟ್ ಎರಡೇ ದಿನದಲ್ಲಿ, ಒಮ್ಮತದಿಂದ, ಬದಲಿ ಹಾಕಬಹುದು ಎಂದಿತು. ಮತದಾರರಿಗೆ ಎರಡು ಪಕ್ಷಗಳ ನಡುವೆ ನಿಜವಾದ ಆಯ್ಕೆ ಇರಬೇಕು ಎಂಬುದು ಅದರ ವಾದ. ಮತಪತ್ರ ಮತ್ತೆ ಅಚ್ಚು ಹಾಕಿಸುವ ಖರ್ಚು ಡೆಮಾಕ್ರಟರ ತಲೆಗೆ ಬಿತ್ತು. ಹಳೆಯ ಸೆನೆಟರ್ ಫ್ರಾಂಕ್ ಲಾಟೆನ್‌ಬರ್ಗ್ ಬಂದರು, ಗೆದ್ದರು.

ಈ ತೀರ್ಪು ನನಗೆ ಒಪ್ಪಿಗೆಯಾಗುವುದಿಲ್ಲ. ಆಯ್ಕೆ ಇರಬೇಕು ಎಂಬ ಮಾತು ಸರಿ. ಆದರೆ ಸೋಲುವವರು ಸಮೀಕ್ಷೆ ನೋಡಿ ಬದಲಿ ಆಟಗಾರನನ್ನು ಇಳಿಸಬಹುದು ಎಂದಾದರೆ, ಎದುರಾಳಿ ತಿಂಗಳುಗಟ್ಟಲೆ ಮಾಡಿದ ಪ್ರಚಾರದ ಗತಿ ಏನು? ರಿಪಬ್ಲಿಕನ್ ಅಭ್ಯರ್ಥಿ ಡಗ್ಲಸ್ ಫಾರೆಸ್ಟರ್ ಟಾರಿಸೆಲ್ಲಿ ಎದುರು ಕಣಕ್ಕಿಳಿದಿದ್ದರು. ಕೊನೆಯ ಐದು ವಾರ ಅವರು ಬೇರೆಯವರ ಎದುರು ಓಡಬೇಕಾಯಿತು.

ರಾಮನಗರದಲ್ಲಿ ಆದದ್ದು

ನಮ್ಮಲ್ಲಿ ಪ್ರೈಮರಿ ಇಲ್ಲ. ಆದರೆ ಹೆಸರು ಉಳಿದು ಮನುಷ್ಯ ಹೊರಟುಹೋದ ಕಥೆ ನಮಗೂ ಗೊತ್ತು. 2018ರಲ್ಲೇ ನಡೆಯಿತು.

ರಾಮನಗರ ವಿಧಾನಸಭಾ ಉಪಚುನಾವಣೆಗೆ ನವೆಂಬರ್ 3ರಂದು ಮತದಾನ. ಜೆಡಿಎಸ್‌ನಿಂದ ಅನಿತಾ ಕುಮಾರಸ್ವಾಮಿ, ಬಿಜೆಪಿಯಿಂದ ಎಲ್. ಚಂದ್ರಶೇಖರ್. ಮತದಾನಕ್ಕೆ ಎರಡು ದಿನ ಇರುವಾಗ, ನವೆಂಬರ್ 1ಕ್ಕೆ, ಚಂದ್ರಶೇಖರ್ ಕಣದಿಂದ ಹಿಂದೆ ಸರಿದೆ ಎಂದು ಹೇಳಿ ಕಾಂಗ್ರೆಸ್‌ಗೆ ಮರಳಿದರು. ಅವತ್ತು ಇಡೀ ರಾಜ್ಯ ಬೆರಗಾಯಿತು. ಆದರೆ ಕಾನೂನಿನ ಕಣ್ಣಲ್ಲಿ ಅವರು ಎಲ್ಲೂ ಹೋಗಿರಲಿಲ್ಲ. 1951ರ ಜನಪ್ರಾತಿನಿಧ್ಯ ಕಾಯ್ದೆಯಂತೆ ನಾಮಪತ್ರ ಪರಿಶೀಲನೆಯಾದ ಎರಡನೇ ದಿನವೇ ವಾಪಸ್ ಪಡೆಯಲು ಕೊನೆಯ ದಿನ, ಅದು ರಜೆಯಾದರೆ ಅದರ ಮುಂದಿನ ಕೆಲಸದ ದಿನ. ಮಧ್ಯಾಹ್ನ 3 ಗಂಟೆಯೊಳಗೆ ಬರೆದುಕೊಡಬೇಕು. ಒಮ್ಮೆ ಕೊಟ್ಟರೆ ಅದನ್ನು ರದ್ದು ಮಾಡಲೂ ಆಗುವುದಿಲ್ಲ. ಆ ದಿನಕ್ಕೂ ಮತದಾನಕ್ಕೂ ನಡುವೆ ಕನಿಷ್ಠ 14 ದಿನ ಇರಬೇಕು. ಬ್ಯಾಲೆಟ್ ಸಿದ್ಧ ಮಾಡಲು, ಪ್ರಚಾರಕ್ಕೆ, ಮತದಾರರಿಗೆ ತಿಳಿಯಲು ಇರುವ ಸಮಯ ಅದು.

ಹಾಗಾಗಿ ಮತಯಂತ್ರದಲ್ಲಿ ಚಂದ್ರಶೇಖರ್ ಹೆಸರೂ ಇತ್ತು, ಕಮಲದ ಚಿಹ್ನೆಯೂ ಇತ್ತು. ಅವರಿಗೆ 15,906 ಮತ ಬಿದ್ದವು. ಅನಿತಾ ಅವರಿಗೆ 1,25,043. ಎಣಿಕೆ ನಡೆದದ್ದು ನವೆಂಬರ್ 6ರಂದು. ಅದೇ ದಿನ ಕ್ವೀನ್ಸ್‌ನಲ್ಲಿ ಜನ ಸಾಲುಗಟ್ಟಿ ನಿಂತು, ಕ್ರೌಲಿ ಹೆಸರೂ ಇದ್ದ ಮತಪತ್ರವನ್ನು ತುಂಬುತ್ತಿದ್ದರು.

ಆ 15,906 ಜನರ ಬಗ್ಗೆ ನನಗೆ ಗೌರವ ಇದೆ. ಅಭ್ಯರ್ಥಿ ಬಿಟ್ಟುಹೋದರೂ ಅವರು ಮತಗಟ್ಟೆಗೆ ಬಂದು ತಮ್ಮ ಪಕ್ಷದ ಗುಂಡಿ ಒತ್ತಿದರು. ಹೆಸರು ಅಳಿಸಿದ್ದರೆ ಅವರಿಗೆ ಒತ್ತಲು ಗುಂಡಿಯೇ ಇರುತ್ತಿರಲಿಲ್ಲ. ಕೊನೆಯ ದಿನ ದಾಟಿದ ಮೇಲೆ ಆ ಹೆಸರು ಅಭ್ಯರ್ಥಿಗಿಂತ ಹೆಚ್ಚಾಗಿ ಮತದಾರರಿಗೆ ಸೇರಿದ್ದು ಎಂದು ನಾನು ನಂಬುವುದು ಇದಕ್ಕೇ.

ಸಾವಿನ ವಿಷಯದಲ್ಲಿ ಮಾತ್ರ ಎರಡು ದೇಶಗಳ ದಾರಿ ಬೇರೆ. ಅದೇ ವರ್ಷ ಮೇ 4ರಂದು ಜಯನಗರದ ಬಿಜೆಪಿ ಅಭ್ಯರ್ಥಿ ಬಿ.ಎನ್. ವಿಜಯಕುಮಾರ್ ಪ್ರಚಾರದ ನಡುವೆಯೇ ತೀರಿಕೊಂಡರು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ಸತ್ತರೆ ನಮ್ಮಲ್ಲಿ ಮತದಾನ ಮುಂದಕ್ಕೆ ಹೋಗುತ್ತದೆ. ಜಯನಗರದಲ್ಲಿ ಜೂನ್ 11ಕ್ಕೆ ಮತದಾನ ಆಯಿತು. ಅಮೆರಿಕದಲ್ಲಿ ಸಾಮಾನ್ಯವಾಗಿ ಹಾಗಲ್ಲ. 2000ರ ಅಕ್ಟೋಬರ್ 16ರಂದು ಮಿಸೌರಿಯ ಸೆನೆಟ್ ಅಭ್ಯರ್ಥಿ ಮೆಲ್ ಕಾರ್ನಹನ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಗಡುವು ದಾಟಿತ್ತು, ಹೆಸರು ಉಳಿಯಿತು, ಚುನಾವಣೆ ಅದೇ ದಿನ ನಡೆಯಿತು. ತೀರಿಕೊಂಡವರೇ ಗೆದ್ದರು. ಆ ಸ್ಥಾನಕ್ಕೆ ಅವರ ಪತ್ನಿ ಜೀನ್ ಕಾರ್ನಹನ್ ಅವರನ್ನು ನೇಮಿಸಿದರು.

ಅಮೆರಿಕದಲ್ಲಿ ಮತ ಹಾಕುವ ಕನ್ನಡಿಗರಿಗೆ

ನ್ಯೂಯಾರ್ಕ್‌ನಲ್ಲಿ ಇರುವವರು ಇದನ್ನು 2025ರಲ್ಲಿ ಕಣ್ಣಾರೆ ಕಂಡಿದ್ದೀರಿ. ಮೇಯರ್ ಸ್ಥಾನದ ಡೆಮಾಕ್ರಟಿಕ್ ಪ್ರೈಮರಿ ಜೂನ್ 24ಕ್ಕೆ. ಜೊಹ್ರಾನ್ ಮಮ್ದಾನಿ ಎದುರು ಆಂಡ್ರ್ಯೂ ಕ್ಯುಮೊ ಹಿಂದೆ ಬಿದ್ದರು. ಕ್ಯುಮೊ ಮೊದಲೇ ಸಹಿ ಸಂಗ್ರಹಿಸಿ ಸ್ವತಂತ್ರವಾಗಿಯೂ ಒಂದು ಸಾಲು ಪಡೆದಿದ್ದರು. ಅದನ್ನು ಬೇಡ ಎನ್ನಲು ಇದ್ದ ಕೊನೆಯ ದಿನ ಜೂನ್ 27. ಪಕ್ಷದ ಟಿಕೆಟ್‌ಗೆ ಇರುವ ಹತ್ತು ದಿನ ಈ ಸಾಲಿಗೆ ಇಲ್ಲ. ಪ್ರೈಮರಿ ಮುಗಿದು ಮೂರೇ ದಿನ. ಅವರು ಬಿಡಲಿಲ್ಲ, ನವೆಂಬರ್ ತನಕ ಹೋರಾಡಿ ಸೋತರು. ಅವರ ತಂದೆ ಮಾರಿಯೊ ಕ್ಯುಮೊ ಕೂಡ 1977ರಲ್ಲಿ ಎಡ್ ಕಾಚ್ ಎದುರು ಡೆಮಾಕ್ರಟಿಕ್ ಟಿಕೆಟ್ ಕಳೆದುಕೊಂಡು, ಲಿಬರಲ್ ಪಾರ್ಟಿಯ ಸಾಲಿನಲ್ಲಿ ಮೇಯರ್ ಸ್ಥಾನಕ್ಕೆ ಹೀಗೇ ಹೋರಾಡಿ ಸೋತಿದ್ದರು.

ಆಗಿನ ಮೇಯರ್ ಎರಿಕ್ ಆಡಮ್ಸ್ ಸೆಪ್ಟೆಂಬರ್ 28ಕ್ಕೆ ಹಿಂದೆ ಸರಿದರು. ಗಡುವು ಎಂದೋ ದಾಟಿತ್ತು. ಮತಪತ್ರದಲ್ಲಿ ಅವರ ಹೆಸರು ಹಾಗೇ ಬಂತು.

ಅಂಚೆಯಲ್ಲಿ ಮತಪತ್ರ ಬಂದಾಗ ಒಂದೇ ಹೆಸರು ಎರಡು ಸಾಲಿನಲ್ಲಿ ಕಂಡರೆ ಗಾಬರಿಯಾಗಬೇಡಿ. ಒಂದು ಸಾಲಿನಲ್ಲಿ ಮಾತ್ರ ಗುರುತು ಹಾಕಿ. ಯಾವ ಸಾಲು ಎಂಬುದು ಅಭ್ಯರ್ಥಿಯ ಲೆಕ್ಕಕ್ಕೆ ಒಂದೇ, ಆದರೆ ಆ ಸಣ್ಣ ಪಕ್ಷದ ಉಳಿವಿಗೆ ಅದು ಮುಖ್ಯ. ಬೇಗ ಮತ ಕಳಿಸುವ ಅಭ್ಯಾಸ ಇದ್ದರೆ, ಕಳಿಸುವ ಮೊದಲು ನಿಮ್ಮ ಅಭ್ಯರ್ಥಿ ಇನ್ನೂ ಕಣದಲ್ಲಿದ್ದಾರಾ ಎಂದು ಒಮ್ಮೆ ಸುದ್ದಿ ನೋಡಿ. ಹಿಂದೆ ಸರಿದವರ ಹೆಸರು ಅಚ್ಚಾಗಿ ಬಂದಿರಬಹುದು, ಅದಕ್ಕೆ ಹಾಕಿದ ಮತ ಅವರ ಹೆಸರಿಗೇ ಎಣಿಕೆಯಾಗುತ್ತದೆ. ನಿಮ್ಮ ರಾಜ್ಯದಲ್ಲಿ ಬೇಡ ಎನ್ನಲು ಕೊನೆಯ ದಿನ ಯಾವುದು ಎಂಬುದು ರಾಜ್ಯದ ಚುನಾವಣಾ ಕಚೇರಿ ಪ್ರತಿ ವರ್ಷ ಹೊರಡಿಸುವ ಕ್ಯಾಲೆಂಡರ್‌ನಲ್ಲಿ ಇರುತ್ತದೆ. ಅಲ್ಲಿ ಹುಡುಕಿ.